ರೆಟಿನಾ ಆಪರೇಷನ್ ಆಗಿ 24 ದಿನ, ಕಣ್ಣಿಗೆ ಕಬ್ಬಿನ ಗರಿ ಬಡದೈತಿ. ಪರದೆ ಮತ್ತ ಕಿತ್ತಿರಬಹುದಾ?

ಘಟಪ್ರಭಾ ದಂಡಿ
ಮುಧೋಳ ತಾಲೂಕು | ಶನಿವಾರ ರಾತ್ರಿ 8:10

ನಮ್ಮ ಅಪ್ಪಾರಿಗೆ 56 ವಯಸ್ಸು. ಬಲಗಣ್ಣಿನ ರೆಟಿನಾ (ಕಣ್ಣಿನ ಹಿಂದಿನ ಪರದೆ) ಕಿತ್ತು ಬಂದಿತ್ತು, ಬೆಳಗಾವ್ಯಾಗ ಆಪರೇಷನ್ ಆಗಿ ಇವತ್ತಿಗೆ 24 ದಿನ. ಡಿಸ್ಚಾರ್ಜ್ ಕಾರ್ಡಿನ್ಯಾಗ ಬರದಿದ್ದು: 25 ಗೇಜ್ ವಿಟ್ರೆಕ್ಟಮಿ (ಸಣ್ಣ ತೂತಿನಿಂದ ಕಣ್ಣೊಳಗಿನ ಲೋಳಿ ತಗಿಯೂದು), ಎಂಡೋಲೇಸರ್ (ಒಳಗಿಂದ ಲೇಸರ್), ಸಿ3ಎಫ್8 ಗ್ಯಾಸ್ 14% (ಪರದೆಗೆ ಆಸರಿಗೆ ತುಂಬಿದ ಗ್ಯಾಸ್ ಗುಳ್ಳಿ). ಅದೇ ಕಣ್ಣಿಗೆ 3 ವರ್ಷದ ಹಿಂದ ಮೋತಿಬಿಂದು ಆಪರೇಷನ್ ಆಗೇತಿ, ಲೆನ್ಸ್ ಹಾಕ್ಯಾರ. ಈಗ ನಡದಿರೋ ಹನಿ: ಪ್ರೆಡ್ನಿಸೋಲೋನ್ ಅಸಿಟೇಟ್ 1% ದಿನಕ್ಕ 3 ಸಲ, ಹೋಮಾಟ್ರೋಪಿನ್ 2 ಸಲ.

ಇವತ್ತ ಸಂಜಿ 5ರ ಸುಮಾರಿಗೆ ಕಬ್ಬಿನ ಟ್ರ್ಯಾಕ್ಟರ್ ತುಂಬೂ ಮುಂದ ಒಣಗರಿ ಒಂದು ಸೆಳದು ಆ ಕಣ್ಣಿಗೆ ಬಡೀತು. ಚುಚ್ಚಾಕತ್ತೇತಿ, ನೀರು ಸುರೀತೈತಿ, ಲೈಟ್ ನೋಡಾಕ ಆಗವಲ್ದು, ಬಿಳಿಗುಡ್ಡಿ ಕೆಂಪ ಆಗೇತಿ. ರಕ್ತ ಬಂದಿಲ್ಲ. ಒಂದು ವಾರದಿಂದ ನೀರಿನ ಮಟ್ಟದಂಗ ಒಂದು ಗೆರಿ ಕಾಣತೈತಿ ಅಂತಿದ್ರು. ಈಗ "ಕರೇ ನೆರಳು ಅಲ್ಲಾಡಾಕತ್ತೇತಿ" ಅಂತಾರ.

ಊರಾಗಿನ ಔಷಧ ಅಂಗಡ್ಯಾಗ ಒಂದು ಡ್ರಾಪ್ಸ್ ಕೊಟ್ಟಾರ, ಮ್ಯಾಲೆ ಮಾಕ್ಸಿಫ್ಲಾಕ್ಸಾಸಿನ್ + ಡೆಕ್ಸಾಮೆಥಾಸೋನ್ ಅಂತ ಐತಿ, ಇನ್ನೂ ಹಾಕಿಲ್ಲ. ನಾಳೆ ಐತವಾರ, ಆಪರೇಷನ್ ಮಾಡಿದ ಡಾಕ್ಟರ್ ಸಿಗೂದು ಸೋಮವಾರ.

ಪರದೆ ಮತ್ತ ಕಿತ್ತಿದ್ರ ಮನ್ಯಾಗ ಹ್ಯಾಂಗ ತಿಳೀತೈತಿ? ಈ ಡ್ರಾಪ್ಸ್ ಹಾಕಲ್ಯಾ? ಸೋಮವಾರದ ತನಕ ತಡದ್ರ ನಡೀತೈತಾ?


ಸ್ಲಿಟ್‌ಲ್ಯಾಂಪ್
ಬೆಳಗಾವಿ | ಶನಿವಾರ ರಾತ್ರಿ 8:34

ತಡೀಬ್ಯಾಡ್ರಿ. ಮತ್ತ ಅಂಗಡಿ ಬಾಟ್ಲಿ ಸೀಲ್ ಒಡೀಬ್ಯಾಡ್ರಿ.

ನೀವು ಪರದೆಗೆ ಅಂಜೀರಿ. ಆದ್ರ ರೆಟಿನಾಕ್ಕ ನೋವಿನ ನರ ಇಲ್ಲ. ಅದು ಕಿತ್ತರ ಚುಚ್ಚೂದಿಲ್ಲ, ನೀರೂ ಬರೂದಿಲ್ಲ. ಚುಚ್ಚೂದು, ನೀರು ಸುರಿಯೂದು, ಬೆಳಕಿಗೆ ಕಣ್ಣು ಬಿಡಾಕ ಆಗದ್ದು, ಈ ಮೂರೂ ಮುಂದಿನ ಕರಿಗುಡ್ಡಿ, ಅಂದ್ರ ಕಾರ್ನಿಯಾ, ತರಚಿದ್ದರ ಗುರುತು. ಇವತ್ತ ರಾತ್ರಿ ಅಂಜಬೇಕಾದ್ದು ಅದಕ್ಕ.

ಒಣಗಿದ ಕಬ್ಬಿನ ಗರಿ ಅಂಚಿನ ಮ್ಯಾಲೆ ಬೆರಳು ಉಲ್ಟಾ ಎಳದು ನೋಡ್ರಿ, ಗರಗಸದ ಹಲ್ಲು ಸಿಗತಾವ. ಗರಿ, ರವದಿ, ಮಣ್ಣು ಎಲ್ಲಾದರ ಮ್ಯಾಲೂ ಬೂಷ್ಟು ಇರತೈತಿ. ಫ್ಯುಸೇರಿಯಮ್, ಆಸ್ಪರ್ಜಿಲಸ್ ಅನ್ನೂ ಜಾತಿ. ಗರಿ ತರಚಿದ ಗಾಯದಾಗ ಆ ಬೂಷ್ಟಿನ ಬೀಜ ಬಿದ್ದಂಗ ಆಗತೈತಿ. ಆರೋಗ್ಯದ ಕಣ್ಣಾದ್ರ ಬಹಳ ಸಲ ಮೈಯೇ ಅದನ್ನ ತಡದು, 2–3 ದಿನದಾಗ ಗಾಯ ಮಾಯತೈತಿ. ಆದ್ರ ನಿಮ್ಮ ಅಪ್ಪಾರ ಕಣ್ಣಿಗೆ 24 ದಿನದಿಂದ ಪ್ರೆಡ್ನಿಸೋಲೋನ್ ಬೀಳಾಕತ್ತೇತಿ. ಅದು ಸ್ಟೀರಾಯ್ಡ್. ಕಣ್ಣಿನ ಉರಿ ಇಳಸೂದು ಅದರ ಕೆಲಸ, ಆ ಕೆಲಸದ ಜೊತಿಗೇ ಕಣ್ಣಿನ ಕಾವಲೂ ಸಡ್ಲ ಆಗತೈತಿ. ಅಂಗಡಿ ಬಾಟ್ಲ್ಯಾಗಿನ ಡೆಕ್ಸಾಮೆಥಾಸೋನ್ ಸೈತ ಸ್ಟೀರಾಯ್ಡ್. ಎರಡೂ ಕೂಡಿ ಬಿದ್ರ ಕೆಂಪು ಇಳೀತೈತಿ, ಉರಿ ಇಳೀತೈತಿ, ಮನಿ ಮಂದಿಗೆ ಸಮಾಧಾನ ಆಗತೈತಿ, ಒಳಗ ಬೂಷ್ಟು ಆರಾಮ ಬೆಳೀತೈತಿ. ನಮ್ಮ ಕಡೆ ಕಣ್ಣಾಗ ಹೂ ಬಿದ್ದ ಕೇಸಿನ್ಯಾಗ ಈ ದಾರಿಯಿಂದ ಬಂದವು ಕಮ್ಮಿ ಇಲ್ಲ.

ಈಗ ನೋಡೂದು ಹ್ಯಾಂಗ. ಕೈ ಸಾಬಾನ ಹಚ್ಚಿ ತೊಳೀರಿ. ರೆಪ್ಪಿ ಬಿಡಸೂ ಮುಂದ ಗುಡ್ಡಿ ಮ್ಯಾಲೆ ಬೆರಳು ಊರಬ್ಯಾಡ್ರಿ, ಹುಬ್ಬಿನ ಎಲುವಿನ ಮ್ಯಾಲೆ ಒಂದು, ಗಲ್ಲದ ಎಲುವಿನ ಮ್ಯಾಲೆ ಒಂದು ಬೆರಳಿಟ್ಟು ಚರ್ಮ ಅಷ್ಟ ಎಳೀರಿ. ಮೊಬೈಲ್ ಟಾರ್ಚ್ ಎದುರಿಗೆ ಹಿಡೀಬ್ಯಾಡ್ರಿ, ಕಿವಿ ಕಡೆಯಿಂದ ಅಡ್ಡ ಬಿಡ್ರಿ. ಪಾಪೆ ದುಂಡಗ ಐತಾ, ಇಲ್ಲಾ ಹನಿ ಆಕಾರದಾಗ ಒಂದು ಕಡೆ ಜಗ್ಗೇತಾ ನೋಡ್ರಿ. ದೊಡ್ಡದು ಕಂಡ್ರ ಗಾಬರಿ ಬ್ಯಾಡ, ಅದು ಹೋಮಾಟ್ರೋಪಿನ್ ಕೆಲಸ. ಆಕಾರ ಕೆಟ್ಟಿದ್ರ ಗಾಬರಿ ಆಗ್ರಿ. ಕರಿಗುಡ್ಡಿ ಅಂಚಿನ್ಯಾಗ ಕಂದು ಬಣ್ಣದ ಮಾಂಸ ಹೊರಗ ಇಣುಕೇತಾ? ಕಣ್ಣಿನ ಕೆಳಭಾಗದಾಗ, ಪಾಪೆ ಮುಂದ, ಕೆಂಪು ಅಥವಾ ಬಿಳಿ ಗಸಿ ಕುಂತಂಗ ಕಾಣತೈತಾ? ಕೆಂಪಾದ್ರ ರಕ್ತ, ಬಿಳಿ ಆದ್ರ ಕೀವು.

ಇವುಗಳಾಗ ಒಂದು ಇದ್ರೂ ಹನಿ ಬ್ಯಾಡ, ನೀರು ಬ್ಯಾಡ, ಪಟ್ಟಿ ಬ್ಯಾಡ. ಕಾಗದದ ಚಹಾ ಕಪ್ಪಿನ ತಳ ಕತ್ತರಿಸಿ ಕಣ್ಣಿಗೆ ತಾಗದಂಗ ಮುಚ್ಚಿ, ಟೇಪ್ ಹಣಿಗೆ ಮತ್ತ ಗಲ್ಲಕ್ಕ ಹಚ್ಚಿ, ಹೊಟ್ಟಿಗೆ ಏನೂ ಕೊಡದ ಈಗಿಂದೀಗ ಹೊರಡ್ರಿ. ಹೊಲಿಗಿ ಹಾಕೂದಾದ್ರ ಅರವಳಿಕೆಗೆ 6 ತಾಸು ಉಪಾಸ ಬೇಕಾಗತೈತಿ.

ಇವು ಒಂದೂ ಇಲ್ಲಂದ್ರ ಮುಂಜಾನೆ ಎದ್ದ ಕೂಡ್ಲೇ ಬಾಗಲಕೋಟಿಗೆ. ಮೆಡಿಕಲ್ ಕಾಲೇಜ್ ಆಸ್ಪತ್ರಿಗೆ ಮೊದಲ ಫೋನ್ ಹಚ್ಚಿ, ಐತವಾರ ಕಣ್ಣಿನ ಡ್ಯೂಟಿ ಡಾಕ್ಟರ್ ಇರತಾರಾ ಕೇಳ್ರಿ. ಇದಕ್ಕ ರೆಟಿನಾ ಡಾಕ್ಟರೇ ಬೇಕಂತಿಲ್ಲ. ಸ್ಲಿಟ್ ಲ್ಯಾಂಪ್ (ಕಣ್ಣು ದೊಡ್ಡದಾಗಿ ತೋರಸೂ ಮಷಿನ್), ಹಳದಿ ಬಣ್ಣದ ಫ್ಲೋರೆಸಿನ್ ಪಟ್ಟಿ, ನೀಲಿ ಬೆಳಕು ಇದ್ರ ಸಾಕು: ತರಚಿದ ಜಾಗ ಹಸಿರು ಹೊಳೀತೈತಿ, ತೂತು ಬಿದ್ದಿದ್ರ ಆ ಹಸಿರಿನ್ಯಾಗ ನೀರು ಹರಿಯೂದು ಕಾಣತೈತಿ. ಡಿಸ್ಚಾರ್ಜ್ ಕಾರ್ಡ್, ಕಣ್ಣಾಗ ಗ್ಯಾಸ್ ಐತಿ ಅಂತ ಕೈಗೆ ಕಟ್ಟಿದ ಪಟ್ಟಿ, ಎಲ್ಲಾ ಹನಿ ಬಾಟ್ಲಿ ತಗೊಂಡ ಹೋಗ್ರಿ.

ಪ್ರೆಡ್ನಿಸೋಲೋನ್ ಇವತ್ತ ರಾತ್ರಿದು ಒಂದು ಸಲ ಬಿಟ್ರ ಪರದೆ ಕೆಡೂದಿಲ್ಲ. ನಾಳೆ ಮುಂದುವರಸೂದಾ ಬಿಡೂದಾ ಅನ್ನೂದು ಡಾಕ್ಟರ್ ಹೇಳಬೇಕು, ನೀವಾಗೇ ವಾರಗಟ್ಲೆ ನಿಲ್ಲಸಬ್ಯಾಡ್ರಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್, ಆಸ್ಪಿರಿನ್ ಥರದ್ದು ಇವತ್ತ ಹೊಸದಾಗಿ ಕೊಡಬ್ಯಾಡ್ರಿ, ಒಳಗ ರಕ್ತ ಸೋರಿದ್ರ ಹೆಚ್ಚಾಗತೈತಿ. ಹರಳೆಣ್ಣಿ, ತುಂಬಿ ರಸ, ಎದಿಹಾಲು ಯಾವುದೂ ಬ್ಯಾಡ. ನಾಲಿಗಿಯಿಂದ ಕಸ ತಗಿಯೋರು ಊರಾಗ ಯಾರರ ಇದ್ರ ಬಾಗಲದಾಗ ತಡೀರಿ.


ಹಿಂಬದಿ ಪರದೆ
ವಿಜಯಪುರ | ಶನಿವಾರ ರಾತ್ರಿ 9:05

ಮೇಲಿನ ಉತ್ತರಕ್ಕೆ ಸಹಮತ. ರೆಟಿನಾ ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ತಂದೆಯವರು ಹೇಳುವ ಗೆರೆ ಗ್ಯಾಸ್ ಗುಳ್ಳೆಯ ಅಂಚು. ಗುಳ್ಳೆ ಕಣ್ಣೊಳಗೆ ಮೇಲಕ್ಕೆ ತೇಲುತ್ತದೆ. ಆದರೆ ರೆಟಿನಾದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ರೋಗಿಗೆ ಅದು ಕೆಳಗಿದ್ದಂತೆ ಕಾಣುತ್ತದೆ. 14% ಸಿ3ಎಫ್8 ಪೂರ್ತಿ ಕರಗಲು 6ರಿಂದ 8 ವಾರ ಬೇಕು. ಹಾಗಾಗಿ 24ನೇ ದಿನ ಗೆರೆ ಇರಲೇಬೇಕು, ಇಲ್ಲದಿದ್ದರೆ ಆಶ್ಚರ್ಯ.

ಗೆರೆಯೋ ಪರದೆಯ ನೆರಳೋ ತಿಳಿಯಲು ಒಂದು ಸರಳ ದಾರಿ ಇದೆ. ಕುರ್ಚಿ ಮೇಲೆ ಕೂರಿಸಿ, ಎಡಗಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಎದುರಿನ ಬಾಗಿಲ ಚೌಕಟ್ಟು ನೋಡಲು ಹೇಳಿ. ಈಗ ತಲೆಯನ್ನು ನಿಧಾನ ಬಲಭುಜದ ಕಡೆ ವಾಲಿಸಲಿ. ಗುಳ್ಳೆಯ ಗೆರೆಯಾದರೆ ತಂಬಿಗೆಯೊಳಗಿನ ನೀರಿನ ಹಾಗೆ ನೆಲಕ್ಕೆ ಸಮನಾಗಿಯೇ ಉಳಿಯುತ್ತದೆ, ತಲೆ ಆಡಿದರೆ ತುಳುಕುತ್ತದೆ. ಕಿತ್ತ ಪರದೆಯ ನೆರಳು ತುಳುಕುವುದಿಲ್ಲ, ತಲೆ ವಾಲಿದಷ್ಟೇ ಅದೂ ವಾಲುತ್ತದೆ. ಪೆಟ್ಟಿನ ನಂತರ ದುಂಡನೆಯ ಕಪ್ಪು ಗೋಲಿಗಳು ಕುಣಿದಾಡಿದರೆ ಅವು ದೊಡ್ಡ ಗುಳ್ಳೆಯಿಂದ ಒಡೆದ ಮರಿಗುಳ್ಳೆಗಳು, ಮತ್ತೆ ಕೂಡಿಕೊಳ್ಳುತ್ತವೆ.

ಯಾವ ದಿಕ್ಕಿನ ನೆರಳಿಗೆ ಹೆದರಬೇಕು ಎಂಬುದನ್ನೂ ಗಮನಿಸಿ. ಗ್ಯಾಸ್ ತೇಲುವುದರಿಂದ ರೆಟಿನಾದ ಮೇಲ್ಭಾಗಕ್ಕೆ ಆಸರೆ ಚೆನ್ನಾಗಿ ಸಿಗುತ್ತದೆ, ಕೆಳಭಾಗಕ್ಕೆ ಕಡಿಮೆ. ಮತ್ತೆ ಕಿತ್ತರೆ ಬಹುಪಾಲು ಕೆಳಗಿನಿಂದಲೇ ಶುರು, ಅದು ರೋಗಿಗೆ ಮೇಲಿನಿಂದ ಇಳಿಯುವ ಮಬ್ಬಾಗಿ ಕಾಣುತ್ತದೆ. ಗುಳ್ಳೆ ಕರಗುತ್ತ ಬಂದಂತೆ ದೃಷ್ಟಿ ಮೇಲಿನಿಂದಲೇ ತೆರೆದುಕೊಳ್ಳಬೇಕು. ತೆರೆದುಕೊಂಡಿದ್ದ ಮೇಲ್ಭಾಗ ಮತ್ತೆ ಮಸುಕಾದರೆ ಆ ದಿನವೇ ತೋರಿಸಬೇಕು.

ಗರಿಯ ಪೆಟ್ಟಿನಿಂದ ಪರದೆ ಕೀಳುವ ಸಂಭವ ಬಹಳ ಕಡಿಮೆ. ಗರಿಗೆ ಅಂಚಿದೆ, ತೂಕ ಇಲ್ಲ. ಕಣ್ಣುಗುಡ್ಡೆ ಚಪ್ಪಟೆಯಾಗಿ ಒಳಗೆ ಎಳೆತ ಬೀಳಬೇಕಾದರೆ ಮೊಣಕೈ, ಎತ್ತಿನ ಕೊಂಬು, ಕ್ರಿಕೆಟ್ ಚೆಂಡು, ಬೈಕಿನಿಂದ ಬಿದ್ದದ್ದು, ಅಂಥ ಪೆಟ್ಟು ಬೇಕು. ಲೇಸರ್ ಹಾಕಿದ ಜಾಗ ಗಟ್ಟಿಯಾಗಿ ಅಂಟಲು 10ರಿಂದ 14 ದಿನ ಸಾಕು, ಅದು ಮುಗಿದಿದೆ. 25 ಗೇಜ್ ರಂಧ್ರ ಸುಮಾರು ಅರ್ಧ ಮಿ.ಮೀ., ಕಾರ್ನಿಯಾ ಅಂಚಿನಿಂದ 3.5–4 ಮಿ.ಮೀ. ಹಿಂದೆ ಇರುತ್ತದೆ. ಮೊದಲ ವಾರದಲ್ಲಿ ಪೆಟ್ಟು ಬಿದ್ದರೆ ಅದು ಬಾಯಿಬಿಟ್ಟು ಒಳಗಿನ ದ್ರವ ಸೋರಬಹುದು, ಮೂರು ವಾರ ದಾಟಿದ ಮೇಲೆ ಆ ಭಯ ತೀರ ಕಡಿಮೆ.

ಹಾಗೆಂದು ಪರೀಕ್ಷೆ ಬಿಡುವಂತಿಲ್ಲ. ಗರಿ ಬಡಿಯದಿದ್ದರೂ ಮೊದಲ 6–8 ವಾರ ಪರದೆ ಮತ್ತೆ ಕೀಳುವ ಕಾಲವೇ. ರೆಟಿನಾದ ಮೇಲೆ ಗಾಯದ ಕಲೆಯಂಥ ಪೊರೆ ಬೆಳೆದು ಅದನ್ನು ಸುಕ್ಕುಗಟ್ಟಿಸುತ್ತದೆ. ನೂರರಲ್ಲಿ 10–15 ಜನಕ್ಕೆ ಎರಡನೇ ಆಪರೇಷನ್ ಬೇಕಾಗುತ್ತದೆ. ಅಂಥದ್ದೇನಾದರೂ ಈ ವಾರ ಕಂಡುಬಂದರೆ ಗರಿಯನ್ನು ದೂರಬೇಡಿ. ಇನ್ನೊಂದು: ಗ್ಯಾಸ್ ಇರುವ ಕಣ್ಣಿಗೆ ಅಲ್ಟ್ರಾಸೌಂಡ್ ಕೆಲಸಕ್ಕೆ ಬರುವುದಿಲ್ಲ, ಧ್ವನಿ ಗುಳ್ಳೆ ದಾಟದು. ಸ್ಕ್ಯಾನ್ ಮಾಡಲಿಲ್ಲ ಎಂದು ಬಾಗಲಕೋಟೆಯ ಡಾಕ್ಟರ ಮೇಲೆ ಸಿಟ್ಟಾಗಬೇಡಿ.

ಇದೇ ಪ್ರಶ್ನೆ ಇಟ್ಟುಕೊಂಡು ಓದುವ ಬೇರೆಯವರಿಗೆ ಎರಡು ಮಾತು. ಗ್ಯಾಸ್ ಬದಲು ಸಿಲಿಕೋನ್ ಎಣ್ಣೆ ಹಾಕಿದ್ದರೆ, ಪೆಟ್ಟಿಗೆ ಎಣ್ಣೆ ಪಾಪೆಯ ಮುಂದಕ್ಕೆ ಜಾರಬಹುದು. ಎಣ್ಣೆ ನೀರಿಗಿಂತ ಹಗುರ, ಆದ್ದರಿಂದ ಅದರ ಬಿಳಿ ಪಟ್ಟಿ ಮುಂಭಾಗದ ಮೇಲಂಚಿನಲ್ಲಿ ನಿಲ್ಲುತ್ತದೆ, ಕೀವು ಕೆಳಗೆ ಕೂರುತ್ತದೆ. ಹಾಗೆ ಜಾರಿದರೆ ಒತ್ತಡ ಏರಿ ತಲೆನೋವು, ವಾಂತಿ ಬರುತ್ತದೆ. ಬಕಲ್ ಅಂದರೆ ಗುಡ್ಡೆ ಸುತ್ತ ಸಿಲಿಕೋನ್ ಪಟ್ಟಿ ಕಟ್ಟಿದ್ದರೆ, ಪೆಟ್ಟಿನ ನಂತರ ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆಯಡಿ ಪಟ್ಟಿಯ ಅಂಚು ಬಿಳಿಯಾಗಿ ಇಣುಕುವುದು, ಅಂಟುಪಿಸುರು ನಿಲ್ಲದೆ ಬರುವುದನ್ನು ನೋಡಿಕೊಳ್ಳಿ.


ಘಟಪ್ರಭಾ ದಂಡಿ
ಶನಿವಾರ ರಾತ್ರಿ 9:40

ಪಾಪೆ ದುಂಡಗ ಐತಿ, ಕೆಳಗ ಗಸಿ ಏನೂ ಕಾಣವಲ್ದು. ತಲಿ ವಾಲಿಸಿದಾಗ ಗೆರಿ ಮಟ್ಟಾನ ಉಳೀತು, ತುಳುಕಿತು ಅಂತಾರ. ಮ್ಯಾಲಿನ ಭಾಗ ಮೊದಲಿನಂಗ ಐತಿ. ಮುಂಜಾನೆ 6ಕ್ಕ ಹೊರಡತೀವಿ. ಗಾಡ್ಯಾಗ ಹಿಂದಿನ ಸೀಟಿನ್ಯಾಗ ಮಲಗಿಸಿಕೊಂಡ ಹೋಗಲ್ಯಾ?


ಸ್ಲಿಟ್‌ಲ್ಯಾಂಪ್
ಶನಿವಾರ ರಾತ್ರಿ 9:52

ಅಂಗಾತ ಮಲಗಸಬ್ಯಾಡ್ರಿ. ಪೆಟ್ಟು ಬಿದ್ದೋರನ್ನ ಅಂಗಾತ ಮಲಗಸೂದು ಮನಿ ಮಂದಿ ಮಾಡೂ ಮೊದಲ ಕೆಲಸ, ಆದ್ರ ಗ್ಯಾಸ್ ಇರೋ ಕಣ್ಣಿಗೆ ಅದೇ ತಪ್ಪು. ಮುಖ ಆಕಾಶಕ್ಕ ಇದ್ರ ಗುಳ್ಳಿ ಮುಂದಕ್ಕ ತೇಲಿ ಲೆನ್ಸ್ ಮತ್ತ ಪಾಪೆ ಸುತ್ತಲಿನ ಬಣ್ಣದ ಭಾಗವನ್ನ (ಐರಿಸ್) ಮುಂದ ನೂಕತೈತಿ, ದ್ರವ ಹೊರಗ ಹೋಗೂ ದಾರಿ ಕಟ್ಟತೈತಿ, ಒತ್ತಡ ಏರತೈತಿ. ಕುಂಡ್ರಿಸಿಕೊಂಡ ಹೋಗ್ರಿ, ತಲಿ ಸ್ವಲ್ಪ ಮುಂದ ಬಾಗಿರಲಿ. ರಾತ್ರಿ ಮಲಗೂದು ಡಾಕ್ಟರ್ ಹೇಳಿದ ಮಗ್ಗಲಿಗೇ. ಆಪರೇಷನ್ ಆದಾಗ ಕೊಟ್ಟ ಪ್ಲಾಸ್ಟಿಕ್ ಶೀಲ್ಡ್ ಹಾಕ್ರಿ, ಅದರ ಕೆಳಗ ಹತ್ತಿ ತುರುಕಬ್ಯಾಡ್ರಿ. ನಿದ್ದಿಗಣ್ಣಾಗ ತಿಕ್ಕಿದ್ರ ಅದೇ ದೊಡ್ಡ ಪೆಟ್ಟು.


ಘಟಪ್ರಭಾ ದಂಡಿ
ಐತವಾರ ಮಧ್ಯಾಹ್ನ 1:20

ತೋರಿಸಿಕೊಂಡ ಬಂದ್ವಿ. ಕರಿಗುಡ್ಡಿ ಕೆಳಭಾಗದಾಗ 2 × 1 ಮಿ.ಮೀ. ತರಚು. ಸೋರಿಕಿ ಇಲ್ಲ, ಬಿಳಿ ಕಲಿ ಇಲ್ಲ. ಕಣ್ಣಿನ ಒತ್ತಡ 19. ಪರದೆ ಅಂಟಿಕೊಂಡೈತಿ, ಗ್ಯಾಸ್ 40% ಉಳದೈತಿ ಅಂದ್ರು. ಬೆಳಗಾವಿ ಡಾಕ್ಟರ್ ಜೊತಿಗೂ ಅವರೇ ಫೋನಿನ್ಯಾಗ ಮಾತಾಡಿ, ಪ್ರೆಡ್ನಿಸೋಲೋನ್ ಸದ್ಯಕ್ಕ ನಿಲ್ಲಿಸ್ಯಾರ. ಬರೇ ಮಾಕ್ಸಿಫ್ಲಾಕ್ಸಾಸಿನ್ 0.5% (ಬ್ಯಾಕ್ಟೀರಿಯಾ ಕೊಲ್ಲೂ ಹನಿ), ಕಣ್ಣೀರಿನ ಹನಿ, ಹೋಮಾಟ್ರೋಪಿನ್ ಕೊಟ್ಟಾರ. ಪಟ್ಟಿ ಕಟ್ಟಿಲ್ಲ. ನಾಳೆ ಮತ್ತ ಬಾ ಅಂದಾರ.

ಬೂಷ್ಟಿನ ಔಷಧ ಈಗೇ ಯಾಕ ಕೊಡಲಿಲ್ಲ? ಮುಂದಿನ ಐತವಾರ ಪಣಜಿಯೊಳಗ ಅತ್ತಿ ಮಗನ ಲಗ್ನ ಐತಿ, ಅಪ್ಪಾರನ್ನ ಕರಕೊಂಡ ಹೋಗಬಹುದಾ? ಇನ್ನ ಹೊಲಕ್ಕ ಹೋಗೂದು ಯಾವಾಗ, ಯಾವ ಚಸ್ಮಾ?


ಹನಿ ಲೆಕ್ಕ
ಜಮಖಂಡಿ | ಐತವಾರ ಮಧ್ಯಾಹ್ನ 2:05

ಪಟ್ಟಿ ಕಟ್ಟದಿದ್ದದ್ದು ಬರೋಬ್ಬರಿ. ಎಲಿ, ಕಡ್ಡಿ ತರಚಿದ ಕಣ್ಣಿಗೆ ಪಟ್ಟಿ ಕಟ್ಟಿದ್ರ ಒಳಗ ಬೆಚ್ಚಗ ಆಗಿ ಸೋಂಕಿಗೆ ಅನುಕೂಲ ಆಗತೈತಿ, ಮನಿ ಮಂದಿಗೆ ಕಣ್ಣೂ ಕಾಣೂದಿಲ್ಲ.

ಬೂಷ್ಟಿಗೆ ಮೊದಲ ಔಷಧ ನಾಟಮೈಸಿನ್ 5%. ಅದು ಕಾರ್ನಿಯಾ ಒಳಗ ಆಳಕ್ಕ ಇಳಿಯೂದು ಕಮ್ಮಿ, ಕಣ್ಣಿಗೆ ಉರಿ ಬ್ಯಾರೆ. ಬಿಳಿ ಕಲಿ ಇಲ್ಲದಾಗ ಅದನ್ನ ಹಾಕೂದಕ್ಕಿಂತ ದಿನಾ ಸ್ಲಿಟ್ ಲ್ಯಾಂಪಿನ್ಯಾಗ ನೋಡೂದು ಹೆಚ್ಚು ಕೆಲಸಕ್ಕ ಬರತೈತಿ. ಕಲಿ ಕಂಡ್ರ ಮೊದಲ ಅಲ್ಲಿಂದ ಕೆರದು ಸ್ಲೈಡಿಗೆ 10% ಕೆಒಎಚ್ ದ್ರಾವಣ ಹಾಕಿ ನೋಡತಾರ, ಬೂಷ್ಟಿನ ಎಳಿ ಅವತ್ತೇ ಕಾಣಬಹುದು. ಆಮ್ಯಾಲೆ ನಾಟಮೈಸಿನ್ ತಾಸಿಗೊಮ್ಮೆ. ಹಾಕಿದ್ರ ಕಣ್ಣಾಗ ಬಿಳಿ ಗಸಿ ಉಳೀತೈತಿ, ಅದು ಔಷಧದ್ದು, ರೋಗದ್ದಲ್ಲ.

ನೀವು ಕಾಯಬೇಕಾದ್ದು ಮೂರನೇ ದಿನದಿಂದ ಎರಡು ವಾರದ ತನಕ. ಬ್ಯಾಕ್ಟೀರಿಯಾ ಆದ್ರ ಒಂದೆರಡು ದಿನದಾಗ ಗದ್ದಲ ಮಾಡತೈತಿ, ಬೂಷ್ಟು ಸುಮ್ಮಕ ಬರತೈತಿ. ಕರಿಗುಡ್ಡಿ ಮ್ಯಾಲೆ ಸಾಸಿವಿಯಷ್ಟು ಬೂದುಬಿಳಿ ಚುಕ್ಕಿ, ನೋಡಾಕ ಒಣಾ ಒಣಾ, ಅಂಚು ಹಿಂಜಿದ ಅಳ್ಳಿಯಂಗ, ಪಕ್ಕದಾಗ ಇನ್ನೊಂದೆರಡು ಸಣ್ಣ ಚುಕ್ಕಿ. ಅಷ್ಟು ಕಂಡ್ರೂ ನೋವು ಅಷ್ಟಕ್ಕಷ್ಟೇ ಇರಬಹುದು. ನೋವಿಲ್ಲಂತ ಬಿಡೋರು ಅಲ್ಲೇ ಮೋಸ ಹೋಗತಾರ. ದಿನಾ ಮುಂಜಾನೆ ಅದೇ ಕಿಟಕಿ ಬೆಳಕಿನ್ಯಾಗ, ಫ್ಲಾಶ್ ಇಲ್ಲದ, ಒಂದು ಫೋಟೋ ತಗೀರಿ. ನಿನ್ನೆದು ಇವತ್ತಿನದು ಕೂಡಿಸಿ ನೋಡಿದ್ರ ಬದಲಾವಣಿ ತಿಳೀತೈತಿ.

ಹನಿ ಹಾಕೂದು: ಮೊದಲ ಮಾಕ್ಸಿಫ್ಲಾಕ್ಸಾಸಿನ್, 5 ನಿಮಿಷ ಬಿಟ್ಟು ಹೋಮಾಟ್ರೋಪಿನ್, ಮತ್ತ 5 ನಿಮಿಷ ಬಿಟ್ಟು ಕಣ್ಣೀರಿನ ಹನಿ. ಗ್ಯಾಪ್ ಇಲ್ಲದ ಹಾಕಿದ್ರ ಆಮ್ಯಾಲೆ ಹಾಕಿದ್ದು ಮೊದಲ ಹಾಕಿದ್ದನ್ನ ತೊಳದು ಹಾಕತೈತಿ. ಒಂದಕ್ಕ ಒಂದೇ ಹನಿ, ಕಣ್ಣಾಗ ಎರಡನೇ ಹನಿಗೆ ಜಾಗಾನೇ ಇಲ್ಲ. ಹಾಕಿದ ಮ್ಯಾಲೆ ಮೂಗಿನ ಕಡೆ ಮೂಲಿ ಎಲುವಿನ ಮ್ಯಾಲೆ ಒಂದು ನಿಮಿಷ ಒತ್ತಿ ಹಿಡೀರಿ, ಗುಡ್ಡಿ ಮ್ಯಾಲೆ ಅಲ್ಲ.

ಹಳೇ ಪ್ರೆಡ್ನಿಸೋಲೋನ್ ಬಾಟ್ಲಿ ಇವತ್ತೇ ಒಗೀರಿ. ಒಡದು 25 ದಿನ ಆತು, ಹನಿ ಬಾಟ್ಲಿ ಆಯುಷ್ಯ 28 ದಿನ. ಅದರ ಮೂತಿ ರೆಪ್ಪಿಗೆ ತಾಗಿದ್ರ ಬೂಷ್ಟು ಬಾಟ್ಲ್ಯಾಗೂ ಹೊಕ್ಕಿರಬಹುದು. ಗಾಯ ಮಾದು ಡಾಕ್ಟರ್ ಮತ್ತ ಶುರು ಮಾಡು ಅಂದ್ರ ಹೊಸಾ ಬಾಟ್ಲಿ ತಗೊಳ್ರಿ, ಪ್ರತಿ ಸಲ ಚೊಲೋತಂಗ ಅಲ್ಲಾಡಸ್ರಿ, ಔಷಧ ತಳಕ್ಕ ಕುಂತಿರತೈತಿ. ಸ್ಟೀರಾಯ್ಡಿನಿಂದ ಒತ್ತಡ ಏರೂ ಮಂದಿಗೆ 2ರಿಂದ 4 ವಾರದಾಗ ಏರತೈತಿ. ಈಗ 19 ಇರೂದು ಒಳ್ಳೇದು, 21 ದಾಟಬಾರದು. ಹೋದಾಗೊಮ್ಮೆ ನಂಬರ್ ಕೇಳಿ ಬರಕೊಳ್ರಿ.


ಹಿಂಬದಿ ಪರದೆ
ಐತವಾರ ಮಧ್ಯಾಹ್ನ 3:15

ಪಣಜಿ ಬೇಡ. ಇದು ಗರಿಯ ಗಾಯಕ್ಕಲ್ಲ, ಗ್ಯಾಸಿಗೆ.

ಮುಧೋಳ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ, ಬೆಳಗಾವಿ 750ರ ಮೇಲೆ, ಪಣಜಿ ಸಮುದ್ರದ ದಡ. ಚೋರ್ಲಾ ಘಾಟ್ ಇಳಿಯುವಾಗ ಗಾಳಿಯ ಒತ್ತಡ ಹೆಚ್ಚಿ ಗುಳ್ಳೆ ಕುಗ್ಗುತ್ತದೆ, ಕಣ್ಣು ಮೆತ್ತಗಾಗುತ್ತದೆ. ಒಂದೆರಡು ದಿನ ಅಲ್ಲಿದ್ದರೆ ಕುಗ್ಗಿದ ಜಾಗವನ್ನು ಕಣ್ಣಿನ ದ್ರವ ತುಂಬಿಕೊಳ್ಳುತ್ತದೆ. ತೊಂದರೆ ವಾಪಸು ಬರುವಾಗ. ಎರಡು ಮೂರು ತಾಸಿನಲ್ಲಿ 750–800 ಮೀಟರ್ ಏರಿದರೆ ಗುಳ್ಳೆ ಶೇ. 9ರಷ್ಟು ಹಿಗ್ಗುತ್ತದೆ. ಕಣ್ಣಿನ ಒಳಕೋಣೆ ಸುಮಾರು 4 ಮಿ.ಲೀ., ಅದರ 40% ಅಂದರೆ 1.6 ಮಿ.ಲೀ. ಗ್ಯಾಸ್. ಅದು 0.15 ಮಿ.ಲೀ. ಹಿಗ್ಗಿತು ಅನ್ನಿ. ಸಕ್ಕರೆ ಕಾಯಿಲೆಯವರಿಗೆ ಕಣ್ಣೊಳಗೆ ಕೊಡುವ ಇಂಜೆಕ್ಷನ್ 0.05 ಮಿ.ಲೀ., ಅಷ್ಟಕ್ಕೇ ಒತ್ತಡ ಕೆಲ ನಿಮಿಷ ಜಿಗಿಯುತ್ತದೆ. ಇದು ಅಂಥ ಮೂರು ಇಂಜೆಕ್ಷನ್ ಒಟ್ಟಿಗೆ ಕೊಟ್ಟ ಲೆಕ್ಕ. ಮುಂದಿನ ಐತವಾರಕ್ಕೆ ಗುಳ್ಳೆ ಇನ್ನಷ್ಟು ಸಣ್ಣದಾಗಿರುತ್ತದೆ, ನಿಜ. ಎಷ್ಟು ಉಳಿದರೆ ಘಾಟ್ ದಾಟಬಹುದು ಎಂಬುದನ್ನು ಗುಳ್ಳೆ ಕಣ್ಣಾರೆ ನೋಡಿದ ಡಾಕ್ಟರ್ ಮಾತ್ರ ಹೇಳಬೇಕು.

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನವಂತೂ ಗುಳ್ಳೆಯ ಕೊನೆಯ ತುಣುಕು ಹೋಗುವ ತನಕ ಇಲ್ಲವೇ ಇಲ್ಲ. ವಿಮಾನದೊಳಗಿನ ಗಾಳಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿಗೆ ಸಮ. ಮುಧೋಳ–ಬಾಗಲಕೋಟೆ ಓಡಾಟಕ್ಕೆ ಏನೂ ಅಡ್ಡಿಯಿಲ್ಲ, ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟ. ಬೆಳಗಾವಿಗೆ ತೋರಿಸಲು ಹೋಗುವುದೂ ಸರಿ, 200 ಮೀಟರಿನ ಏರು ನಿಧಾನವಾಗಿ ಬರುತ್ತದೆ. ಹಾದಿಯಲ್ಲಿ ಕಣ್ಣು ಬಿಗಿದು ನೋವಾದರೆ ಗಾಡಿ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ಕೈಪಟ್ಟಿ ಬಿಚ್ಚಬೇಡಿ. ಬೇರೆ ಯಾವ ಆಪರೇಷನ್ ಬಂದರೂ ಅರವಳಿಕೆಯವರಿಗೆ ಅದನ್ನು ತೋರಿಸಿ. ನೈಟ್ರಸ್ ಆಕ್ಸೈಡ್ ಕೊಟ್ಟರೆ ಅದು ರಕ್ತದಿಂದ ಗುಳ್ಳೆಯೊಳಗೆ ನುಗ್ಗಿ ಕೆಲವೇ ನಿಮಿಷಗಳಲ್ಲಿ ಅದನ್ನು ಉಬ್ಬಿಸುತ್ತದೆ. ಆ ಒತ್ತಡಕ್ಕೆ ಕಣ್ಣಿನ ರಕ್ತನಾಳ ಮುಚ್ಚಿ ದೃಷ್ಟಿಯೇ ಹೋದ ಪ್ರಕರಣಗಳಿವೆ.


ಸ್ಲಿಟ್‌ಲ್ಯಾಂಪ್
ಐತವಾರ ಸಂಜೆ 6:40

ಹೊಲದ ಮಾತು. ಕಾರ್ನಿಯಾ ಗಾಯ ಮಾದು, ಗ್ಯಾಸ್ ಹೋಗೂತನಕ ಕಬ್ಬಿನ ಪಡದಾಗ ಇಳಿಯೂದು ಬ್ಯಾಡ. ಲೆಕ್ಕ ಹಾಕಿದ್ರ ಇನ್ನ 4–5 ವಾರ. ಬದುವಿನ ಮ್ಯಾಲೆ ನಿಂತು ಮಂದಿಗೆ ಹೇಳೂದು ಗಾಯ ಮಾದ ಮ್ಯಾಲೆ ನಡೀತೈತಿ, ಚಸ್ಮಾ ಹಾಕ್ಕೊಂಡು. 45 ಕೆ.ಜಿ. ಯೂರಿಯಾ ಚೀಲ ಎತ್ತೂದು, ಪಂಪ್ ಹಗ್ಗ ಜಗ್ಗೂದು ಡಾಕ್ಟರ್ ಹೂಂ ಅನ್ನೂತನಕ ಬ್ಯಾಡ. ಬೈಕ್ ಹೊಡಿಯೂದಂತೂ ಬ್ಯಾಡೇ ಬ್ಯಾಡ. ಒಂದ ಕಣ್ಣಿನ್ಯಾಗ ಗುಳ್ಳಿ ಇದ್ದಾಗ ಎದುರಿನ ಟ್ರ್ಯಾಕ್ಟರ್ ಎಷ್ಟು ದೂರ ಐತಿ ಅನ್ನೂ ಅಂದಾಜೇ ಸಿಗೂದಿಲ್ಲ. ಹೊಳ್ಯಾಗ, ಕಾಲುವ್ಯಾಗ ಮುಳುಗೂದೂ ಸದ್ಯಕ್ಕ ಇಲ್ಲ.

ಚಸ್ಮಾ ಅಂದ್ರ ಜಾತ್ರಿಯಾಗಿನ ಕರೇ ಚಸ್ಮಾ ಅಲ್ಲ. ಅದರ ಗ್ಲಾಸ್ ಒಡದ್ರ ಚೂರು ಕಣ್ಣಿಗೇ ಹೋಗತಾವ. ಪಾಲಿಕಾರ್ಬೊನೇಟ್ ಗಾಗಲ್ ತಗೊಳ್ರಿ, ಅದರ ಕಡ್ಡಿ ಮ್ಯಾಲೆ ಝಡ್87 ಅಥವಾ ಇಎನ್166 ಅಂತ ಸುರಕ್ಷತಾ ಗುರುತಿನ ಅಚ್ಚು ಇರತೈತಿ. ವೆಲ್ಡಿಂಗ್ ಸಾಮಾನು ಮಾರೂ ಅಂಗಡ್ಯಾಗ ಸಿಗತಾವ, ತುಟ್ಟಿ ಏನಲ್ಲ. ಗರಿ ಎದುರಿಗೆ ಬರೂದಿಲ್ಲ, ಮಗ್ಗಲದಿಂದ ಮತ್ತ ಕೆಳಗಿಂದ ಬರತೈತಿ, ಅದಕ್ಕ ಮಗ್ಗಲ ಮುಚ್ಚಿದ್ದು, ಗಲ್ಲಕ್ಕ ಹತ್ತಿ ಕುಂಡ್ರೂದು ಬೇಕು. ನಂಬರ್ ಚಸ್ಮಾ ಇದ್ರ ಅದರ ಮ್ಯಾಲೆ ಹಾಕೂ ದೊಡ್ಡ ಸೈಜಿಂದು ಕೇಳ್ರಿ. ಬೆವರಿಗೆ ಮಬ್ಬು ಹಿಡೀತೈತಿ, ಮಂದಿ ತಗದು ಹಣಿಗೆ ಏರಸೂದು ಅದಕ್ಕ. ಕಬ್ಬಿನ ಕೆಲಸಕ್ಕ ಗಾಳಿತೂತು ಇರೋದು ಸಾಕು, ಬೆಳಿಗೆ ಎಣ್ಣಿ (ಕೀಟನಾಶಕ) ಹೊಡಿಯಾಕ ತೂತಿಲ್ಲದ್ದು ಬೇಕು.

ಹುಲ್ಲು ಕತ್ತರಿಸೂ ಮಷಿನ್ನಿನ ಹತ್ತಿರ ಆಪರೇಷನ್ ಆದ ಕಣ್ಣು ಹೋಗಲೇಬಾರದು. ಅದರ ದಾರ ಎತ್ತಿ ಒಗಿಯೂ ಹರಳು ಗುಂಡು ಇದ್ದಂಗ. ಆಕಳ ಹಿಂಡೂ ಮುಂದ ಬಾಲ ಕಟ್ಟಿ ಕುಂಡ್ರಿ, ಬಾಲದ ಕೂದಲಕ್ಕ ಸಗಣಿ ಹತ್ತಿರತೈತಿ, ತರಚಿದ್ರ ಗರಿಗಿಂತ ಹೊಲಸು.

ಮ್ಯಾಲೆ ನೀರು ಹಾಕಬ್ಯಾಡ್ರಿ ಅಂದಿದ್ದೆ, ಅದಕ್ಕ ಒಂದು ವಿನಾಯಿತಿ ಐತಿ. ಬೆಲ್ಲದ ಗಾಣದಾಗಿನ ಸುಣ್ಣ, ಎಲಿ ಅಡಕಿ ಸುಣ್ಣ, ಹೊಲಕ್ಕ ಹೊಡಿಯೂ ಎಣ್ಣಿ ಕಣ್ಣಿಗೆ ಸಿಡದ್ರ ಆಪರೇಷನ್ ನಿನ್ನೆ ಆಗಿದ್ರೂ ತಡೀಬ್ಯಾಡ್ರಿ. ಸಿಕ್ಕ ಸ್ವಚ್ಛ ನೀರಿಂದ ಅಲ್ಲೇ, 20–30 ನಿಮಿಷ, ರೆಪ್ಪಿ ಬಿಡಿಸಿ ಹಿಡಿದು ತೊಳದು, ಆಮ್ಯಾಲೆ ದವಾಖಾನಿ. ಸುಣ್ಣದ ಹರಳು ಮ್ಯಾಲಿನ ರೆಪ್ಪಿ ಒಳಗ ಸಿಕ್ಕೊಂಡ ಕುಂತ್ರ ತೊಳದದ್ದೂ ದಂಡ, ರೆಪ್ಪಿ ಮಗುಚಿ ನೋಡಬೇಕು. ಅದನ್ನ ದವಾಖಾನ್ಯಾಗ ಕೇಳಿ ಮಾಡಸ್ರಿ.

ನಾಳೆ ಹೋದಾಗ ಎಡಗಣ್ಣಿನ ರೆಟಿನಾನೂ ಯಾವಾಗ ನೋಡಸೂದು ಅಂತ ದಿನ ಗೊತ್ತು ಮಾಡಿಕೊಂಡ ಬರ್ರಿ. ಒಂದು ಕಣ್ಣಿನ ಪರದೆ ಕಿತ್ತವರ ಪೈಕಿ ಹತ್ತರಾಗ ಒಬ್ಬರಿಗೆ ಇನ್ನೊಂದರದೂ ಕೀಳತೈತಿ. ತೂತು ಮೊದಲೇ ಸಿಕ್ರ ಬಹಳ ಸಲ ಕೂತಲ್ಲೇ ಲೇಸರ್ ಹಾಕಿ ಕಳಸತಾರ. ಪಾಪೆ ಹಿಗ್ಗಸೂ ಹನಿ ಹಾಕಿದ ಮ್ಯಾಲೆ 4–6 ತಾಸು ಎಡಗಣ್ಣೂ ಮಬ್ಬು ಇರತೈತಿ. ಬಲಗಣ್ಣಿನ್ಯಾಗ ಹೆಂಗೂ ಗುಳ್ಳಿ ಐತಿ. ಅವತ್ತ ಅಪ್ಪಾರ ಜೊತಿ ಕೈ ಹಿಡಿಯಾಕ ಒಬ್ಬರು ಇರಬೇಕು.